ಕಾರ್ಲ್, ಚಾರ್ಲ್ಸ್, ಕಾರ್ಲ್, ಕಾರ್ಲೊ: ಮುಂಬಯಿ ತೀರದ ಜರ್ಮನ್ ಮನೆತನಗಳ ವಂಶಶೋಧ

ಮುಂಬಯಿಯಲ್ಲೂ ಅದರ ದಕ್ಷಿಣಕ್ಕೆ ಹಬ್ಬಿದ ಕರಾವಳಿಯಲ್ಲೂ ಬಾಳಿದ ಜರ್ಮನ್ ಮೂಲದ ಮನೆತನಗಳ ವಂಶಾವಳಿಯನ್ನು ಕಟ್ಟುವ ಕೆಲಸ ಮಿಶನ್ ಸಂಸ್ಥೆಗಳ ಸೇವಾಪಟ್ಟಿಗಳಿಂದ ಶುರುವಾಯಿತು. ಪಾದ್ರಿ ಎಲ್ಲಿ ಹುಟ್ಟಿದ, ಯಾವ ಹಡಗಿನಲ್ಲಿ ಬಂದ, ಯಾವ ಊರಲ್ಲಿ ಎಷ್ಟು ವರ್ಷ ದುಡಿದ, ಎಲ್ಲಿ ತೀರಿಕೊಂಡ ಎಂಬಷ್ಟು ವಿವರ ಆ ಪಟ್ಟಿಗಳಲ್ಲಿ ಸಿಗುತ್ತದೆ. ಹೆಂಡತಿಗೆ ಒಂದು ಸಾಲು, ಮಕ್ಕಳಿಗೆ ಬಹಳವೆಂದರೆ ಒಂದು ಸಂಖ್ಯೆ. ಹೆಂಗಸರ ದಿನಚರಿಗಳು ಮತ್ತು ಇಲ್ಲಿನ ಸಭೆಗಳ ರಿಜಿಸ್ಟರುಗಳು ಈ ಪಟ್ಟಿಯ ಜೊತೆಗೆ ಸೇರಿದ ಮೇಲೆಯೇ ಅದು ಮನೆತನದ ಚರಿತ್ರೆಯ ರೂಪ ಪಡೆಯಿತು. ಅದಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಈ ಶೋಧದ ಅತಿ ಪರಿಚಿತ ಉದಾಹರಣೆ ಐಸೆನ್‌ಬರ್ಗ್, ಗುಂಡರ್ಟ್ ಮತ್ತು ಹೆಸ್ಸೆ ಮನೆತನಗಳ ಹೆಣಿಗೆ. ಕಾರ್ಲ್ ವಿಲ್ಹೆಲ್ಮ್ ಐಸೆನ್‌ಬರ್ಗ್ 1806ರಲ್ಲಿ ಬಾರ್ಮೆನ್‌ನಲ್ಲಿ ಹುಟ್ಟಿದವನು. ಬಾಸೆಲ್‌ನಲ್ಲಿ ತರಬೇತಿ ಪಡೆದು ಇಂಗ್ಲೆಂಡಿನ ಚರ್ಚ್ ಮಿಶನರಿ ಸೊಸೈಟಿಯ ಸೇವೆಗೆ ಸೇರಿ ಅಬಿಸೀನಿಯಾಕ್ಕೆ ಹೋದ. 1841ರಲ್ಲಿ ಅಮ್ಹಾರಿಕ್ ನಿಘಂಟನ್ನು, ಮರುವರ್ಷ ಅದೇ ಭಾಷೆಯ ವ್ಯಾಕರಣವನ್ನು ಪ್ರಕಟಿಸಿದ. ಅಲ್ಲಿಂದ ಹೊರಬೀಳಬೇಕಾಗಿ ಬಂದಾಗ ಸೊಸೈಟಿ ಅವನನ್ನು ಮುಂಬಯಿಗೆ ಕಳಿಸಿತು. ಗುಲಾಮಗಿರಿಯಿಂದ ಬಿಡುಗಡೆಗೊಂಡು ಮುಂಬಯಿ ಬಂದರಿಗೆ ಬಂದಿಳಿದ ಆಫ್ರಿಕದ ಮಕ್ಕಳ ಪಾಲನೆಯೊಂದಿಗೆ ಅವನ ಹೆಸರು ಸೇರಿಕೊಂಡಿದೆ. ಈ ಮಕ್ಕಳಿಗೆ ನಾಶಿಕದ ಶರಣಪುರದಲ್ಲಿ ಆಶ್ರಯ ಸಿಕ್ಕಿತು. ಅಲ್ಲಿ ಓದಿದ ಕೆಲವರು ಮುಂದೆ ಲಿವಿಂಗ್‌ಸ್ಟನ್‌ನ ಆಫ್ರಿಕ ಯಾತ್ರೆಯಲ್ಲಿ ಜೊತೆಗಾರರಾದರು. ಐಸೆನ್‌ಬರ್ಗ್ 1864ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ತೀರಿಕೊಂಡ.

ಅವನ ಮಗ ಚಾರ್ಲ್ಸ್ ಅದೇ ಸೊಸೈಟಿಯ ಪರವಾಗಿ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಕೆಲಸಕ್ಕೆ ನಿಂತ. ಸಿಂಧ್ ಆಗ ಮುಂಬಯಿ ಇಲಾಖೆಗೆ ಸೇರಿತ್ತು. 1865ರಲ್ಲಿ ಅವನು ಮದುವೆಯಾದದ್ದು ಮರೀ ಗುಂಡರ್ಟ್ ಎಂಬವಳನ್ನು. ಆಕೆ ಹುಟ್ಟಿದ್ದು 1842ರಲ್ಲಿ, ತಲಚೇರಿಯಲ್ಲಿ. ತಂದೆ ಹೆರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಬರೆದವನು. ತಾಯಿ ಜೂಲಿ ದುಬ್ವಾ ಫ್ರೆಂಚ್ ಮಾತಾಡುವ ಸ್ವಿಸ್ ಹೆಂಗಸು. 1870ರಲ್ಲಿ ಚಾರ್ಲ್ಸ್ ಕಾಯಿಲೆಯಿಂದ ಸತ್ತಾಗ ಮರೀಯ ಮಡಿಲಲ್ಲಿ ಥಿಯೋಡೋರ್ ಮತ್ತು ಕಾರ್ಲ್ ಎಂಬ ಇಬ್ಬರು ಗಂಡುಮಕ್ಕಳಿದ್ದರು. ಆಕೆ ಕಾಲ್ವ್ ಪಟ್ಟಣದಲ್ಲಿದ್ದ ತಂದೆಯ ಮನೆ ಸೇರಿದಳು. ಮಂಗಳೂರಿನಲ್ಲಿ ನಾಲ್ಕು ವರ್ಷ ಕಳೆದು, ಹವೆ ಒಗ್ಗದೆ 1873ರಲ್ಲಿ ಯುರೋಪಿಗೆ ಮರಳಿದ ಯೋಹಾನೆಸ್ ಹೆಸ್ಸೆ ಅದೇ ಕಾಲ್ವ್‌ನಲ್ಲಿ ಗುಂಡರ್ಟ್‌ನ ಸಹಾಯಕನಾದ. 1874ರಲ್ಲಿ ಮರೀ ಅವನನ್ನು ಮದುವೆಯಾದಳು. 1877ರಲ್ಲಿ ಹುಟ್ಟಿದ ಅವರ ಮಗ ಹೆರ್ಮನ್ ಹೆಸ್ಸೆಯೇ 'ಸಿದ್ಧಾರ್ಥ' ಬರೆದ ಕಾದಂಬರಿಕಾರ.

ಜಗತ್ತು ಹೆಸ್ಸೆಯ ಅಜ್ಜನನ್ನು ನೆನೆಯುತ್ತದೆ. ಮುಂಬಯಿಯ ಕವಲಿನತ್ತ ನೋಡುವವರು ಕಡಿಮೆ. ಮರೀಯ ಎರಡನೆಯ ಮಗ ಕಾರ್ಲ್, ಅವನ ಮಗ ಸಂಗೀತ ವಿದ್ವಾಂಸ ಕಾರ್ಲೊ ಐಸೆನ್‌ಬರ್ಗ್. 1943ರಲ್ಲಿ ಪ್ರಕಟವಾದ ಹೆಸ್ಸೆಯ ಕೊನೆಯ ಕಾದಂಬರಿಯಲ್ಲಿ ಕಾರ್ಲೊ ಫೆರ್ರೊಮೊಂತೆ ಎಂಬ ಸಂಗೀತಗಾರನ ಪಾತ್ರವಿದೆ. ಐಸೆನ್ ಎಂದರೆ ಕಬ್ಬಿಣ, ಬರ್ಗ್ ಎಂದರೆ ಬೆಟ್ಟ. ಫೆರ್ರೊಮೊಂತೆ ಎಂದರೂ ಅದೇ ಅರ್ಥ, ಭಾಷೆ ಮಾತ್ರ ಇಟಾಲಿಯನ್. ಕಾದಂಬರಿಕಾರ ತನ್ನ ಮಲಅಣ್ಣನ ಮಗನ ಹೆಸರನ್ನು ಹೀಗೆ ಅನುವಾದಿಸಿಟ್ಟ. ಮುಂಬಯಿಯ ಪಾದ್ರಿಯಿಂದ ಈ ಸಂಗೀತಗಾರನವರೆಗೆ ನಾಲ್ಕು ತಲೆಮಾರು: ಕಾರ್ಲ್, ಚಾರ್ಲ್ಸ್, ಕಾರ್ಲ್, ಕಾರ್ಲೊ. ನಾಲ್ಕೂ ಒಂದೇ ಹೆಸರಿನ ರೂಪಗಳು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಮನೆಗಳ ವಂಶಾವಳಿ ಬಿಡಿಸಿ ನೋಡಿದವರಿಗೆ ಇದರ ತೊಡಕು ಗೊತ್ತು. ತಾರೀಖು ಕೈತಪ್ಪಿದರೆ ತಂದೆಯ ಮದುವೆ ಮಗನ ಲೆಕ್ಕಕ್ಕೆ ಹೋಗುತ್ತದೆ.

'ಜರ್ಮನ್' ಎಂಬ ಮಾತೇ ಇಲ್ಲಿ ಮೊದಲ ತೊಡಕು. 1871ರವರೆಗೆ ಜರ್ಮನಿ ಎಂಬ ಏಕ ರಾಜ್ಯವಿರಲಿಲ್ಲ. ಗುಂಡರ್ಟ್ ವ್ಯುರ್ಟೆಂಬರ್ಗ್‌ನವನು, ಹಿರಿಯ ಐಸೆನ್‌ಬರ್ಗ್‌ನ ಊರು ಪ್ರಶ್ಯದ ಆಳ್ವಿಕೆಯಲ್ಲಿತ್ತು, ಯೋಹಾನೆಸ್ ಹೆಸ್ಸೆ ಇಂದಿನ ಎಸ್ಟೋನಿಯಾದಲ್ಲಿ ಹುಟ್ಟಿ ರಷ್ಯದ ಚಕ್ರವರ್ತಿಯ ಪ್ರಜೆಯಾಗಿದ್ದವನು. ಒಂದೇ ಮನೆತನದ ದಾಖಲೆಗಾಗಿ ನಾಲ್ಕು ದೇಶಗಳ ಬಾಗಿಲು ತಟ್ಟಬೇಕು.

'ನೆಲೆಸಿದರು' ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಪಾದ್ರಿಗಳು ಮಂಗಳೂರಿಗೆ ಬಂದಂದಿನಿಂದ ಬಾಸೆಲ್ ಮಿಶನ್ ತನ್ನವರ ಮನೆವಾರ್ತೆಯನ್ನೂ ತಾನೇ ಆಳಿತು. ಪಾದ್ರಿ ಮದುವೆಯಾಗಬೇಕಾದರೆ ಬಾಸೆಲ್‌ನ ಸಮಿತಿ ಒಪ್ಪಬೇಕಿತ್ತು. ಎಷ್ಟೋ ಸಲ ವಧು ತಾನು ಸರಿಯಾಗಿ ಕಂಡೇ ಇರದ ವರನಿಗಾಗಿ ಹಡಗು ಹತ್ತುತ್ತಿದ್ದಳು. ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳಿಸಬೇಕಿತ್ತು. 1850ರ ದಶಕದಲ್ಲಿ ಬಾಸೆಲ್‌ನಲ್ಲಿ ಅದಕ್ಕೆಂದೇ ಒಂದು ಮಕ್ಕಳ ಮನೆ ತೆರೆಯಿತು. ಅದಕ್ಕೂ ಮೊದಲೇ ಮರೀಯನ್ನು ಪುಟ್ಟ ಹುಡುಗಿಯಾಗಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ಬಂದಿದ್ದರು. ಹೆತ್ತವರನ್ನು ಆಕೆ ಮತ್ತೆ ಕಂಡದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ಹುಟ್ಟೂರು ಮಲಬಾರಿನಲ್ಲಿ, ಬಾಲ್ಯ ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯಲ್ಲಿ, ಹೆತ್ತವರ ಕಾಗದ ಅಂಚೆಯಲ್ಲಿ: ಇಂಥ ಬದುಕುಗಳನ್ನು ಒಂದು ಊರಿನ ರಿಜಿಸ್ಟರು ಹಿಡಿದಿಡಲಾರದು. ಆ ಕಾಗದಗಳೇ ಈ ಶೋಧದ ಪ್ರಾಣವಾಗಿರುವುದು ಇದರಿಂದಲೇ.

ವಂಶದ ಲೆಕ್ಕ ಇಡಲು ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಹೆಳವರಿದ್ದಾರೆ. ಎತ್ತಿನ ಮೇಲೆ ಬಂದು ತಲೆಮಾರುಗಳ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುತ್ತಾರೆ. ನಾಶಿಕ, ತ್ರ್ಯಂಬಕದ ಪುರೋಹಿತರ ವಹಿಗಳಲ್ಲಿ ಯಾತ್ರಿಕರ ಕುಲದ ಹೆಸರುಗಳಿವೆ. ಮುಂಬಯಿಯ ಸಾರಸ್ವತರಲ್ಲಿ ಎಸ್. ಎಸ್. ತಲ್ಮಕಿ 1935ರಿಂದ ಮುಂದೆ ಮನೆತನಗಳ ಚರಿತ್ರೆಯನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದರು. ಜರ್ಮನ್ ಕುಟುಂಬಗಳಿಗೆ ಈ ಕೆಲಸ ಮಾಡಿದ್ದು ಊರಿನ ಚರ್ಚು. ವ್ಯುರ್ಟೆಂಬರ್ಗ್‌ನಲ್ಲಿ 1808ರಿಂದ ಪ್ರತಿ ಸಭೆಯೂ ಕುಟುಂಬ ರಿಜಿಸ್ಟರು ಇಡಬೇಕಾಗಿತ್ತು: ಒಂದು ಮನೆಗೆ ಒಂದು ಪುಟ, ಅದರಲ್ಲಿ ಗಂಡ, ಹೆಂಡತಿ, ಇಬ್ಬರ ಹೆತ್ತವರು, ಎಲ್ಲ ಮಕ್ಕಳು. ಕರಾವಳಿಗೆ ಬಂದವರಲ್ಲಿ ವ್ಯುರ್ಟೆಂಬರ್ಗ್‌ನವರು ಬಹಳ ಮಂದಿ ಇದ್ದುದರಿಂದ ಆ ಪುಟಗಳು ಶೋಧಕರಿಗೆ ಸಿಕ್ಕ ದೊಡ್ಡ ಭಾಗ್ಯ.

ಆದರೆ ಪುಟ ಸಿಕ್ಕಿತೆಂದರೆ ಓದು ಸಿಕ್ಕಂತಲ್ಲ. ಬರಹ 'ಕುರೆಂಟ್' ಎಂಬ ಹಳೆಯ ಜರ್ಮನ್ ಓಟದ ಕೈಯಲ್ಲಿದೆ. ರೋಮನ್ ಲಿಪಿಯ 'ಇ' ಅಕ್ಷರ ಇದರಲ್ಲಿ ಹೆಚ್ಚುಕಡಿಮೆ 'ಎನ್'ನಂತೆಯೇ ಕಾಣುತ್ತದೆ. 'ಯು' ಕೂಡ ಅದೇ ಎರಡು ಗೀಟು. ಬೇರೆಯೆಂದು ತೋರಿಸಲು ತಲೆಯ ಮೇಲೆ ಒಂದು ಸಣ್ಣ ಕೊಂಕು. ಬರೆದವನು ಅವಸರದಲ್ಲಿ ಆ ಕೊಂಕು ಬಿಟ್ಟರೆ ಹೆಸರೇ ಬದಲಾಗುತ್ತದೆ. ಧಾರವಾಡ, ಬೆಳಗಾವಿ ಕಡೆಯ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯೊಂದಿಗೆ ಗುದ್ದಾಡಿದವರಿಗೆ ಈ ಪಾಡು ಹೊಸದಲ್ಲ. ಭಾರತಕ್ಕೆ ಬಂದ ಮೇಲೆ ಹೆಸರು ಇನ್ನೊಮ್ಮೆ ಮಾರ್ಪಡುತ್ತದೆ: ಕಾರ್ಲ್ ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಚಾರ್ಲ್ಸ್, ವಿಲ್ಹೆಲ್ಮ್ ವಿಲಿಯಂ. 'ಮಂಗಳೂರು ಸಮಾಚಾರ' ಹೊರಡಿಸಿದವನ ಹೆಸರನ್ನೇ ಕನ್ನಡದಲ್ಲಿ ಮೊಗ್ಲಿಂಗ್ ಎಂದೂ ಮೋಗ್ಲಿಂಗ್ ಎಂದೂ ಬರೆಯುತ್ತಾರೆ.

ಭಾರತದ ಕಡೆಯ ದಾಖಲೆಗಳಲ್ಲಿ ಮುಖ್ಯವಾದುವು ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ನಕಲುಗಳು. ಇಲಾಖೆಗಳಿಂದ ಲಂಡನ್ನಿಗೆ ಹೋಗುತ್ತಿದ್ದ ಈ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಂಗಾಳಕ್ಕೆ ಒಂದು, ಮದ್ರಾಸಿಗೆ ಒಂದು, ಮುಂಬಯಿಗೆ ಒಂದು ಶ್ರೇಣಿ. ಹುಡುಕುವವರು ಎಡವುವುದು ಇಲ್ಲಿಯೇ. ಮಂಗಳೂರು ಮದ್ರಾಸ್ ಇಲಾಖೆಯಲ್ಲಿತ್ತು. ಬಾಸೆಲ್ ಮಿಶನ್ 1837ರಿಂದ ಇದ್ದ ಧಾರವಾಡ, ಆಮೇಲೆ ಹೋದ ಹುಬ್ಬಳ್ಳಿ, ಬೆಟಗೇರಿಗಳು ಮುಂಬಯಿ ಇಲಾಖೆಯಲ್ಲಿದ್ದುವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ವರ್ಗವಾಯಿತು. ಮಂಗಳೂರಿನಿಂದ ಹುಬ್ಬಳ್ಳಿಗೆ ವರ್ಗವಾದ ಪಾದ್ರಿಯ ಹಿರಿಯ ಮಗುವಿನ ದಾಖಲೆ ಒಂದು ಶ್ರೇಣಿಯಲ್ಲಿ, ಕಿರಿಯ ಮಗುವಿನದು ಇನ್ನೊಂದರಲ್ಲಿ ಇರಬಹುದು. ಮೇಲಾಗಿ ಆಂಗ್ಲಿಕನ್ ಅಲ್ಲದ ಸಭೆಗಳ ನಕಲುಗಳು ಎಲ್ಲವೂ ಲಂಡನ್ ಮುಟ್ಟಲಿಲ್ಲ. ಅಂಥ ಕಡೆ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರವೂ ಬಾಸೆಲ್‌ನ ಮಿಶನ್ ಪತ್ರಾಗಾರವೂ ಕೈಹಿಡಿಯುತ್ತವೆ.

ಶೋಧದ ದಿಕ್ಕು ತಿರುಗಿದ್ದು 1934ರಲ್ಲಿ ಎನ್ನಬಹುದು. ಆ ವರ್ಷ ಮರೀಯ ಮಗಳು ಅಡೆಲೆ ತಾಯಿಯ ಕಾಗದ ಮತ್ತು ದಿನಚರಿಗಳಿಂದ ಆಕೆಯ ಜೀವನಚಿತ್ರವನ್ನು ಹೊರತಂದಳು. ಸೇವಾಪಟ್ಟಿಯ ಒಂದು ಸಾಲಿನ ಹಿಂದೆ ಒಬ್ಬ ತಾಯಿಯ ಇಡೀ ಬದುಕು ಕಂಡಿತು. ವಂಶಾವಳಿಯ ಕೆಲಸಕ್ಕೆ ಮಸಿ ಬಳಿದದ್ದೂ ಅದೇ ಜರ್ಮನಿ, ಅದೇ ದಶಕ. 1933ರ ಏಪ್ರಿಲ್‌ನ ಕಾನೂನಿನಿಂದ ಸರ್ಕಾರಿ ನೌಕರರು ತಮ್ಮ ಅಜ್ಜ ಅಜ್ಜಿಯರು ಯೆಹೂದಿಗಳಲ್ಲವೆಂದು ದಾಖಲೆ ತೋರಿಸಬೇಕಾಯಿತು. ಚರ್ಚಿನ ರಿಜಿಸ್ಟರು ಜನರನ್ನು ಹೊರಹಾಕುವ ಸಾಧನವಾಯಿತು. ಹೀಗೆ ಹೊರಬಿದ್ದವರಲ್ಲಿ ಹಲವರು ಬಂದಿಳಿದದ್ದು ಮುಂಬಯಿಯಲ್ಲಿ. ಯೆಹೂದಿ ಪೂರ್ವಜರಿದ್ದ ಫೋನ್ ಲೇಡನ್ ಮನೆತನದ ರುಡಾಲ್ಫ್ 1933ರಲ್ಲಿ ಬಂದು ನಗರದ ಕಲಾವಿಮರ್ಶಕನಾಗಿ ಹೆಸರಾದ. ಹೊಸ ತಲೆಮಾರಿನ ಚಿತ್ರಕಾರರ ಬೆನ್ನಿಗೆ ನಿಂತ. ಗಂಜೀಫಾ ಆಟದ ಎಲೆಗಳ ದೊಡ್ಡ ಸಂಗ್ರಹ ಮಾಡಿದ.

ಕನ್ನಡದ ಕಡೆಯಿಂದ ಈ ಸಾಮಗ್ರಿಯನ್ನು ಗಂಭೀರವಾಗಿ ತೆರೆದವರು ಶ್ರೀನಿವಾಸ ಹಾವನೂರರು. ಮುಂಬಯಿಯಲ್ಲಿ ಗ್ರಂಥಪಾಲಕರಾಗಿದ್ದ ಅವರ 'ಹೊಸಗನ್ನಡದ ಅರುಣೋದಯ' 1974ರಲ್ಲಿ ಬಂತು. ಅವರ ಗುರಿ ಸಾಹಿತ್ಯ ಚರಿತ್ರೆಯಾಗಿತ್ತು, ವಂಶಾವಳಿ ಅಲ್ಲ. ಆದರೂ ಯಾರು ಯಾವಾಗ ಎಲ್ಲಿದ್ದರು ಎಂಬುದನ್ನು ಮೂಲ ಕಾಗದಗಳಿಂದ ಖಚಿತಪಡಿಸುವ ಅವರ ಶಿಸ್ತಿನಿಂದ ಮುಂದಿನವರಿಗೆ ದಾರಿಯಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಪಾಲ್ ಜೆಂಕಿನ್ಸ್ ಬಾಸೆಲ್‌ನಲ್ಲಿ ಪತ್ರಾಗಾರದ ಹೊಣೆ ಹೊತ್ತು ಮಿಶನ್ನಿನ ಹಳೆಯ ಫೋಟೋಗಳನ್ನು ಶೋಧಕರಿಗೆ ಒದಗಿಸಿದರು. ಆಲ್ಬ್ರೆಕ್ಟ್ ಫ್ರೆಂಟ್ಸ್ ಗುಂಡರ್ಟ್‌ನ ಮಲಬಾರ್ ದಿನಚರಿಯನ್ನು ಸಂಪಾದಿಸಿದರು. 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ದಕ್ಷಿಣ ಏಷ್ಯದ ಸ್ಮಶಾನಗಳ ಸಂಘ ಸಮಾಧಿಲೇಖಗಳನ್ನು ಬರೆದಿಡತೊಡಗಿತು. 2001ರಲ್ಲಿ ಡಾಗ್ಮಾರ್ ಕೋನ್ರಾಡ್ ಮಿಶನ್ ವಧುಗಳ ಬಗ್ಗೆ ಬರೆದ ಪುಸ್ತಕದಿಂದ, ಅಡೆಲೆ ಒಂದು ಮನೆಯಲ್ಲಿ ಮಾಡಿದ ಕೆಲಸ ಇಡೀ ಸಮುದಾಯಕ್ಕೆ ವಿಸ್ತರಿಸಿತು. 2018ರಲ್ಲಿ ಟ್ಯುಬಿಂಗೆನ್ ವಿಶ್ವವಿದ್ಯಾಲಯ ಗುಂಡರ್ಟ್ ಸಂಗ್ರಹವನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿತು.

ಇಷ್ಟಾದರೂ ಮಿಶ್ರ ಮನೆತನಗಳ ಅಧ್ಯಯನ ಹಿಂದೆಯೇ ಉಳಿದಿದೆ. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದಾಗ ಊರೇ ಕಲಕಿತು. ಬಾಸೆಲ್‌ನಲ್ಲಿ ಓದಿ ದೀಕ್ಷೆ ಪಡೆದು ಬಂದ ಅವನು 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು ಮದುವೆಯಾದ. ಜಾತಿ ಬಿಟ್ಟವನ ಹೆಸರು ಮನೆತನದ ವಂಶಾವಳಿಯಲ್ಲಿ ಮುಂದುವರಿಯುವುದು ಅಪರೂಪ. ಅತ್ತ ಜರ್ಮನ್ ದಾಖಲೆಗಳಲ್ಲಿ ಋಷಿಯ ಹೆಸರೊಂದು ಕುಲನಾಮವಾಗಿ ಇಳಿದುಬಂತು. ಒಂದು ಗೋತ್ರದ ಹೆಸರು ಜರ್ಮನ್ ಮನೆಗಳ ಬಾಗಿಲ ಮೇಲೆ ಹೀಗೆ ಉಳಿದ ಕಥೆಯನ್ನು ಎರಡೂ ಕಡೆಯ ಕಾಗದಗಳನ್ನು ಜೋಡಿಸಿ ಕನ್ನಡದಲ್ಲಿ ವಿಸ್ತಾರವಾಗಿ ಬರೆಯಬೇಕಾಗಿದೆ.

ಎರಡು ಮಹಾಯುದ್ಧಗಳಲ್ಲಿ ಈ ವಂಶಗಳ ಎಳೆ ಎರಡು ಸಲ ಕಡಿಯಿತು. 1914ರ ನಂತರ ಜರ್ಮನ್ನರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು, ಕುಟುಂಬಗಳನ್ನು ಹಡಗಿನಲ್ಲಿ ವಾಪಸು ಕಳಿಸಿದರು. 1939ರಲ್ಲಿ ಮತ್ತೆ ಅಹಮದ್‌ನಗರ, ದೇವಳಾಲಿ, ಡೆಹ್ರಾಡೂನ್. ಶಿಬಿರದ ಯಾದಿಗಳು ಇಂದು ಶೋಧಕರಿಗೆ ಆಧಾರ. ಆ ಯಾದಿಯಾಚೆ ಕುಟುಂಬದ ಜಾಡು ಹಿಡಿಯುವುದು ಕಷ್ಟ.

ಶಿಬಿರದಿಂದ ಹೊರಬಂದು ಮುಂಬಯಿಯಲ್ಲೇ ಉಳಿದವರಲ್ಲಿ ಯೋಸೆಫ್ ವಿರ್ಶಿಂಗ್ ಪ್ರಮುಖ. 1903ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಈ ಛಾಯಾಗ್ರಾಹಕ 1920ರ ದಶಕದಲ್ಲಿ ಬುದ್ಧನ ಕಥೆಯ ಮೂಕಿಚಿತ್ರಕ್ಕಾಗಿ ಭಾರತಕ್ಕೆ ಬಂದ. 1934ರಲ್ಲಿ ಮಲಾಡಿನ ಬಾಂಬೆ ಟಾಕೀಸ್ ಸೇರಿದ. 'ಅಛೂತ್ ಕನ್ಯಾ', ಯುದ್ಧದ ನಂತರ 'ಮಹಲ್', ಕೊನೆಗೆ 'ಪಾಕೀಜಾ' ಅವನ ಕ್ಯಾಮೆರಾದಲ್ಲಿ ಮೂಡಿದುವು. 1967ರಲ್ಲಿ ಮುಂಬಯಿಯಲ್ಲೇ ತೀರಿಕೊಂಡ. ಅವನು ತೆಗೆದ ಸ್ಥಿರಚಿತ್ರಗಳ ನೆಗೆಟಿವ್‌ಗಳನ್ನು ಮನೆಯವರು ಜೋಪಾನವಾಗಿಟ್ಟರು. 2017ರಲ್ಲಿ ಅವು ಗೋವಾದಲ್ಲಿ ಪ್ರದರ್ಶನಗೊಂಡುವು, 2023ರಲ್ಲಿ ದೇಬಶ್ರೀ ಮುಖರ್ಜಿಯವರ ಸಂಪಾದಕತ್ವದಲ್ಲಿ ಪುಸ್ತಕವಾಗಿ ಬಂದುವು. ಪಾದ್ರಿಗಳ ಮನೆತನದಲ್ಲಿ ದಿನಚರಿ ಮಾಡಿದ ಕೆಲಸವನ್ನು ಇಲ್ಲಿ ನೆಗೆಟಿವ್ ಪೆಟ್ಟಿಗೆ ಮಾಡಿದೆ. ಕ್ಯಾಮೆರಾ ಹಿಂದಿದ್ದವನ ವಂಶದ ಜೊತೆಗೆ, ದೀಪ ಹಿಡಿದವರು, ಬಣ್ಣ ಹಚ್ಚಿದವರು, ಮಲಾಡಿನ ಸ್ಟುಡಿಯೊದ ಅಂಗಳದಲ್ಲಿ ಊಟಕ್ಕೆ ಕುಳಿತವರೂ ಅದರಲ್ಲಿದ್ದಾರೆ.