ಎರಡು ವರದಿ, ಒಂದು ಹಡಗು

ಮಾಧವರಂನಲ್ಲಿ ಮನೆ ಮಾಡಿದ ಮೇಲೆ ದಿನವೂ ಕಣ್ಣಿಗೆ ಬೀಳುವುದು ಕಂಟೈನರ್ ಲಾರಿಗಳ ಸಾಲು. ಚೆನ್ನೈಗೂ ಕೊರಿಯಾಕ್ಕೂ ನಂಟು ಬೆಳೆದದ್ದು ಕಾರು ಕಾರ್ಖಾನೆಯಿಂದ ಎಂದೇ ನಾನು ತಿಳಿದಿದ್ದೆ. ಆದರೆ 1954ರ ಫೆಬ್ರವರಿಯಲ್ಲೇ ಕೊರಿಯಾದಿಂದ 88 ಯುದ್ಧಕೈದಿಗಳನ್ನು ಹೊತ್ತ ಹಡಗು ಮದ್ರಾಸಿಗೆ ಬಂದಿತ್ತು. ಆ ಕತೆಯಲ್ಲಿ ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರಿದ್ದಾರೆ.

ಕೊರಿಯಾದ್ದು ಅಣ್ಣತಮ್ಮಂದಿರ ಜಗಳ. ಊರವರೆಲ್ಲ ಬಂದು ಸೇರಿಕೊಂಡರು. ಹೊರಗಿನ ಸೈನಿಕರು ಅದನ್ನು ಮೊದಲಿಂದಲೂ ನೋಡಿ ವರದಿ ಬರೆಯುತ್ತಿದ್ದರು. 1950ರ ಜೂನ್‌ನಲ್ಲಿ ಪೀಚ್ ಮತ್ತು ರ‍್ಯಾಂಕಿನ್ ಎಂಬ ಇಬ್ಬರು ಆಸ್ಟ್ರೇಲಿಯಾದ ಅಧಿಕಾರಿಗಳು ವಿಶ್ವಸಂಸ್ಥೆಯ ಪರವಾಗಿ 38ನೇ ಅಕ್ಷಾಂಶದ ಗಡಿಯಲ್ಲಿ ಎರಡು ವಾರ ಸುತ್ತಿದರು. ದಕ್ಷಿಣದ ಸೇನೆ ರಕ್ಷಣೆಗಷ್ಟೇ ಸಜ್ಜಾಗಿದೆ ಎಂದು ಬರೆದರು. ಮರುದಿನ, ಜೂನ್ 25ರಂದು, ಯುದ್ಧ ಹತ್ತಿಕೊಂಡಿತು. ಮೊದಲು ಕೈಮಾಡಿದವರು ಯಾರು ಎಂಬ ಪ್ರಶ್ನೆಗೆ ಆ ವರದಿಯೇ ದೊಡ್ಡ ಸಾಕ್ಷಿಯಾಯಿತು. ಅವರಿಗೆ ನೋಡಲು ಸಿಕ್ಕಿದ್ದು ಮಾತ್ರ ದಕ್ಷಿಣದ ಮಗ್ಗುಲಷ್ಟೇ.

ತಿಮ್ಮಯ್ಯನವರ ಕಷ್ಟವೇ ಬೇರೆ. 1953ರ ಕದನವಿರಾಮದ ನಂತರವೂ ತಮ್ಮ ಕಡೆಗೆ ಮರಳಲೊಲ್ಲದ ಕೈದಿಗಳು 22 ಸಾವಿರಕ್ಕೂ ಹೆಚ್ಚು. ಅವರ ಮನಸ್ಸು ತಿಳಿಯಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು, ಇವರೇ ಅಧ್ಯಕ್ಷರು. ಭಾರತದ ಪಡೆ ತಮ್ಮ ನೆಲಕ್ಕೆ ಕಾಲಿಡಕೂಡದೆಂದು ದಕ್ಷಿಣದ ಅಧ್ಯಕ್ಷ ಸಿಂಗ್ಮನ್ ರೀ ಹಟ ಹಿಡಿದರು. ನಮ್ಮ ಜವಾನರನ್ನು ಹಡಗಿನಿಂದಲೇ ಹೆಲಿಕಾಪ್ಟರಿನಲ್ಲಿ ಎತ್ತಿ ನಡುವಿನ ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯಿತು!

ಅಲ್ಲಿ ಐದೂ ದೇಶದವರು ನೋಡಿದ್ದು ಅದೇ ಶಿಬಿರಗಳನ್ನು, ಅದೇ ಕೈದಿಗಳನ್ನು. ವರದಿ ಮಾತ್ರ ಎರಡಾಯಿತು. ಶಿಬಿರದೊಳಗಿನ ಗುಂಪುಗಳು ಕೈದಿಗಳನ್ನು ಹಿಡಿತದಲ್ಲಿಟ್ಟುಕೊಂಡಿವೆ, ಅವರ ಆಯ್ಕೆ ಸ್ವತಂತ್ರವೆಂದು ಹೇಳಲಾಗದು ಎಂದು ಭಾರತ, ಪೋಲೆಂಡ್, ಚೆಕೊಸ್ಲೊವಾಕಿಯಾ ಬರೆದವು. ಸ್ವೀಡನ್, ಸ್ವಿಟ್ಜರ್ಲೆಂಡ್ ಅದಕ್ಕೆ ಸಹಿ ಹಾಕದೆ ಬೇರೆಯೇ ಬರೆದವು. ಭಾರತ ಕಮ್ಯುನಿಸ್ಟರ ಕಡೆ ವಾಲಿತು ಎಂಬ ದೂರು ಎದ್ದಿತು. ಆದರೆ ಇದೇ ತಿಮ್ಮಯ್ಯ ಕೈದಿಗಳ ಮೇಲೆ ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಗಡುವು ಮುಗಿಯುತ್ತಿದ್ದಂತೆ, 1954ರ ಜನವರಿಯಲ್ಲಿ, ಅವರನ್ನು ಮೊದಲು ಸೆರೆಯಲ್ಲಿಟ್ಟವರಿಗೇ ಒಪ್ಪಿಸಿದರು. ಕಮ್ಯುನಿಸ್ಟರೂ ಸಿಟ್ಟಾದರು. ಅವರ ತಟಸ್ಥತೆಯನ್ನು ನಾನು ನಂಬುವುದು ಆ ವರದಿಗಿಂತ ಹೆಚ್ಚಾಗಿ ಈ ಎರಡು ಸಿಟ್ಟುಗಳನ್ನು ನೋಡಿ.

ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾವೂ ಬೇಡ, ತೈವಾನೂ ಬೇಡ ಎಂದ 76 ಕೊರಿಯನ್ನರು, 12 ಚೀನೀಯರು ನಮ್ಮ ಪಡೆಯ ಜೊತೆ ಹೊರಟರು. ಬಂದರಿನಲ್ಲಿ ಅವರಿಗೆ ಎದುರಾದದ್ದೂ, ನಾನು ಇಲ್ಲಿಗೆ ಬಂದ ದಿನದಂತೆ, ಓದಲಾಗದ ತಮಿಳು ಬೋರ್ಡುಗಳೇ ಇರಬೇಕು. ಎಷ್ಟೋ ಜನ ಮುಂದೆ ಬ್ರೆಜಿಲ್, ಅರ್ಜೆಂಟೀನಾಕ್ಕೆ ಹೋದರು. ಕೆಲವರು ಭಾರತದಲ್ಲೇ ಉಳಿದುಬಿಟ್ಟರು.