ರಂಗಭೋಗವೂ ನೃತ್ಯೋತ್ಸವವೂ

ಬೆಂಗಳೂರಿನ ದಂಡು ಪ್ರದೇಶದ ಮಗ್ಗುಲಲ್ಲಿರುವ ಹಲಸೂರು, ದಂಡಿಗಿಂತಲೂ ಬಹಳ ಹಳೆಯ ಊರು. 1809ರ ಸುಮಾರಿನಲ್ಲಿ ಇಂಗ್ಲಿಷರ ಸೈನ್ಯವು ಅದರ ನೆರೆಯಲ್ಲಿ ಬೀಡುಬಿಡುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ಸೋಮೇಶ್ವರನ ಗುಡಿಯಿದ್ದಿತು. ಅದರ ಮೂಲವು ಚೋಳರ ಕಾಲದ್ದೆಂದು ಪ್ರತೀತಿ. ಈಗ ಕಾಣುವ ಕಟ್ಟಡದ ರೀತಿಯು ವಿಜಯನಗರದ್ದು. ಗುಡಿಯ ಕಥೆಯೊಡನೆ ಕೆಂಪೇಗೌಡನ ಹೆಸರು ಸೇರಿಕೊಂಡಿದೆ. ತೆರೆದ ಮಂಟಪದಲ್ಲಿ 48 ಕಂಬಗಳು. ಶಿಲ್ಪಗಳಲ್ಲಿ ಗಿರಿಜಾಕಲ್ಯಾಣ, ಕೈಲಾಸವನ್ನೆತ್ತುವ ರಾವಣ. ದೇವರೊಬ್ಬನಿಗೆ ಇಷ್ಟು ವಿಶಾಲವಾದ ಮಂಟಪವೇತಕ್ಕೆಂದು ನೋಡಿದವರಿಗೆ ತೋರುವುದು ಸಹಜವೇ.

ಇದಕ್ಕೆ ಉತ್ತರವನ್ನು ನಮ್ಮ ಶಾಸನಗಳೇ ಹೇಳುತ್ತವೆ. ದೇವಾಲಯಕ್ಕೆ ಭೂಮಿಯನ್ನು ಬಿಟ್ಟ ಅರಸರೂ ಗೌಡಪ್ರಭುಗಳೂ ಅದನ್ನು ಅಂಗಭೋಗ ರಂಗಭೋಗಗಳಿಗೆಂದು ಬರೆಯಿಸಿದರು. ಅಭಿಷೇಕ, ಗಂಧ, ಅಲಂಕಾರಗಳು ಅಂಗಭೋಗ. ಮೂರ್ತಿಯ ಮುಂದೆ ನಡೆಯುವ ಗೀತ ವಾದ್ಯ ನೃತ್ಯಗಳು ರಂಗಭೋಗ. ನೈವೇದ್ಯದಂತೆಯೇ ನೃತ್ಯವೂ ದೇವರಿಗೆ ಸಲ್ಲಬೇಕಾದ ಉಪಚಾರ; ಅದನ್ನು ಸಲ್ಲಿಸುವವರಿಗೆ ಜೀವಿತವೂ ಗೊತ್ತಾಗಿದ್ದಿತು. ಹೊಯ್ಸಳರ ರಾಣಿ ಶಾಂತಲೆಯ ಗೀತನೃತ್ಯಕೌಶಲವನ್ನು ಶಾಸನಗಳು ಹೊಗಳುತ್ತವೆಯೆಂದ ಮೇಲೆ, ಆ ವಿದ್ಯೆಗಿದ್ದ ಮನ್ನಣೆಯನ್ನು ಬೇರೆ ಹೇಳಬೇಕಾದುದಿಲ್ಲ.

ಕಾಲಕ್ರಮದಲ್ಲಿ ಈ ಏರ್ಪಾಡು ಕೆಟ್ಟಿತು. ಅರಿಯದ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಕಟ್ಟಿಹಾಕುವ ಪದ್ಧತಿಗೆ ವಿರೋಧವು ಬೆಳೆಯಿತು. 1909ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆ ಕಟ್ಟು ಹರಿದುದು ಒಳಿತೇ. ಆದರೆ ಕಟ್ಟಿನೊಡನೆ ಜೀವನೋಪಾಯವೂ ಹೋಯಿತು, ಮಾನವಂತೂ ಮೊದಲೇ ಹೋಗಿದ್ದಿತು.

ಗುಡಿಯನ್ನು ಬಿಟ್ಟ ವಿದ್ಯೆಯು ಅಳಿಯದೆ ಉಳಿದುದು ಕೆಲವರ ನಿಷ್ಠೆಯಿಂದ. ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರು (1857–1947) ಅಭಿನಯವನ್ನು ಕಾಪಾಡಿದರು. ಅವರ ಶಿಷ್ಯೆ ವೆಂಕಟಲಕ್ಷಮ್ಮನವರು ಕಡೂರಿನ ಕಡೆಯ ತಾಂಡ್ಯವೊಂದರಲ್ಲಿ 1906ರಲ್ಲಿ ಹುಟ್ಟಿ, ಆಸ್ಥಾನ ವಿದುಷಿಯಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯವನ್ನು ಬೋಧಿಸಿದರು, 1992ರಲ್ಲಿ ಪದ್ಮಭೂಷಣರಾದರು. ಬೆಂಗಳೂರಿನ ದಂಡು ಪ್ರದೇಶವೂ ಈ ಕೆಲಸದಲ್ಲಿ ಹಿಂದೆ ಬೀಳಲಿಲ್ಲ. ಬೆನ್ಸನ್ ಟೌನಿನ ರಾಮಗೋಪಾಲರು ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಶಿಷ್ಯವೃತ್ತಿ ಮಾಡಿ, 1939ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ನರ್ತಿಸಿದರು. ಹೀಗೆ ಹಲಸೂರಿನ ಕಲ್ಲಿನ ಮಂಟಪಕ್ಕೆ ಕೆಲವೇ ಮೈಲಿಗಳ ಅಳವಿನಲ್ಲಿ ಬೆಳೆದವರೊಬ್ಬರಿಂದ ಈ ವಿದ್ಯೆಯು ಕಡಲಾಚೆಗೂ ಮುಟ್ಟಿತು.

ಹೊರಕ್ಕೆ ಹೋದ ನೃತ್ಯವು ಮತ್ತೆ ಗುಡಿಯ ಅಂಗಳಕ್ಕೆ ಬಂದುದು ಉತ್ಸವದ ರೂಪದಲ್ಲಿ. 1975ರಲ್ಲಿ ಖಜುರಾಹೋವಿನ ದೇವಾಲಯಗಳ ಸನ್ನಿಧಿಯಲ್ಲಿ ನೃತ್ಯೋತ್ಸವವು ಮೊದಲಾಯಿತು. 1981ರಲ್ಲಿ ನಟರಾಜನ ಚಿದಂಬರದಲ್ಲಿ ಶಿವರಾತ್ರಿಯ ನಾಟ್ಯಾಂಜಲಿ. ಕನ್ನಡನಾಡಿನಲ್ಲಿಯೂ ಹಂಪೆ, ಪಟ್ಟದಕಲ್ಲುಗಳಲ್ಲಿ ಉತ್ಸವಗಳು ನಡೆದಿವೆ. ದೀಪಗಳ ಬೆಳಕಿನಲ್ಲಿ, ಹಳೆಯ ಗೋಪುರವು ಹಿಂದೆ ನಿಂತಿರಲು, ಗೆಜ್ಜೆಯ ದನಿ ಕೇಳಿದಾಗ ಯಾರಿಗೆ ತಾನೆ ಹರ್ಷವಾಗದು?

ಆದರೆ ಎರಡನ್ನೂ ಒಂದೇ ಎಂದೆಣಿಸುವುದು ಸರಿಯಲ್ಲ. ರಂಗಭೋಗವು ನಿತ್ಯಸೇವೆ, ಉತ್ಸವವು ಕೆಲವು ದಿನಗಳ ಸಂಭ್ರಮ. ಅಲ್ಲಿ ನೋಡುವವನು ದೇವರು, ಇಲ್ಲಿ ನೋಡುವವರು ದೂರದಿಂದ ಬಂದ ಸಭಿಕರು. ಈ ಭೇದಗಳು ದೋಷಗಳಲ್ಲ. ಕಾಲಕ್ಕೆ ತಕ್ಕ ಮಾರ್ಪಾಟುಗಳು. ನಿಜವಾದ ಕೊರತೆ ಬೇರೆ. ನೃತ್ಯವು ಮಾನದಿಂದ ಹಿಂದಿರುಗಿತು. ಅದನ್ನು ಶತಮಾನಗಳ ಕಾಲ ಮೈಯಲ್ಲಿಯೇ ಧರಿಸಿ ಬಂದ ಹೆಂಗಸರ ಮನೆತನಗಳಿಗೆ ಮಾತ್ರ ಆ ಮಾನವು ಅಷ್ಟಾಗಿ ಹಿಂದಿರುಗಲಿಲ್ಲ. ಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯಲು 1982ರಲ್ಲಿ ಕರ್ನಾಟಕದಲ್ಲಿ ಮತ್ತೆ ಕಾಯಿದೆ ಮಾಡಬೇಕಾಯಿತೆಂಬುದು, ಕಲೆಯ ಉದ್ಧಾರವೂ ಕಲಾವಂತೆಯರ ಉದ್ಧಾರವೂ ಒಂದೇ ಹೆಜ್ಜೆಯಲ್ಲಿ ನಡೆಯಲಿಲ್ಲವೆಂಬುದಕ್ಕೆ ಸಾಕ್ಷಿ.

ಕಟ್ಟಿಸಿದವನ ಹೆಸರನ್ನು ಗುಡಿಯು ಉಳಿಸಿಕೊಂಡಿದೆ. ಅದರ ಮುಂದೆ ಕುಣಿದವರ ಹೆಸರುಗಳು ಹೆಚ್ಚಾಗಿ ಅಳಿದಿವೆ. ಪುರಾತನ ದೇವಾಲಯದಲ್ಲಿ ನೃತ್ಯೋತ್ಸವವನ್ನು ನಡೆಯಿಸುವವರು ದೀಪ ಹಚ್ಚುವ ಮೊದಲು ಆ ಹೆಸರಿಲ್ಲದವರನ್ನು ಒಮ್ಮೆ ನೆನೆಯುವುದಾದರೆ, ಅದೇ ಈ ಕಾಲದ ರಂಗಭೋಗವೆನಿಸೀತು.