ಯಾವ ಕೋಲಿನ ಮತ್ತರು? : ಪುನರ್ಮಾನೀಕರಣದ ಚರಿತ್ರೆಯಲ್ಲಿ ಅಳತೆ ಮತ್ತು ಅನಂತ

ಕರ್ನಾಟಕದ ದಾನಶಾಸನಗಳನ್ನು ಅಭ್ಯಸಿಸುವವರಿಗೆ ಪರಿಚಿತವಾದ ತೊಡಕೊಂದಿದೆ. ದತ್ತಿಬಿಟ್ಟ ಭೂಮಿ ಇಂತಿಷ್ಟು ಮತ್ತರು, ಇಂತಿಷ್ಟು ಕಮ್ಮ ಎಂದು ಶಾಸನ ಹೇಳುತ್ತದೆ. ಆದರೆ ಅಳೆದ ಕೋಲು ಯಾವುದೆಂದು ತಿಳಿಯದೆ ಆ ಸಂಖ್ಯೆಯೊಂದರಿಂದಲೇ ಹೊಲದ ಗಾತ್ರವನ್ನು ನಿರ್ಧರಿಸಲಾಗದು. ಊರಿಗೊಂದು ಕೋಲು ಇದ್ದ ಕಾಲವದು. ಕದಂಬ ಮತ್ತು ಬಾದಾಮಿ ಚಾಲುಕ್ಯರ ತಾಮ್ರಪಟಗಳಲ್ಲಿ ‘ರಾಜಮಾನ’ದಿಂದ ಅಳೆದ ನಿವರ್ತನಗಳು ಎಂಬ ಒಕ್ಕಣೆ ಬರುವುದೂ, ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಿ ಬಳ್ಳಿಗಾವೆಯ ಭೇರುಂಡ ಗಳೆಯಂತಹ ಅಳತೆಗೋಲುಗಳ ಹೆಸರು ಕಾಣಿಸುವುದೂ ಈ ಕಾರಣದಿಂದಲೇ. ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತು ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ನಡೆಸಿದ ಅಯ್ಯಾವೊಳೆ ಐನೂರ್ವರಿಗೆ ಒಂದೂರಿನ ಮಾನವನ್ನು ಇನ್ನೊಂದೂರಿನ ಮಾನಕ್ಕೆ ಹೊಂದಿಸದೆ ವ್ಯವಹಾರ ಸಾಗುವಂತಿರಲಿಲ್ಲ. ಕೋಲು ಬದಲಾದರೆ ಸಂಖ್ಯೆ ಬದಲಾಗುತ್ತದೆ. ಹೊಲ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಇಪ್ಪತ್ತನೆಯ ಶತಮಾನದ ಕ್ವಾಂಟಂ ಭೌತಶಾಸ್ತ್ರ ಬಹು ಕಷ್ಟದಿಂದ ತಲುಪಿದ ಒಂದು ತಿಳಿವು ಇದಕ್ಕೆ ತೀರ ಸಮೀಪದ್ದು. ಶಾಸನಕಾರರಿಗೆ ಕ್ವಾಂಟಂ ತತ್ತ್ವ ಗೊತ್ತಿತ್ತೆಂಬ ಹುಸಿ ಅಭಿಮಾನಕ್ಕೆ ಇಲ್ಲಿ ಎಡೆಯಿಲ್ಲ. ರಿನಾರ್ಮಲೈಸೇಶನ್ ಎಂಬ ಪರಿಕಲ್ಪನೆಯನ್ನು ಕನ್ನಡದಲ್ಲಿ ‘ಪುನರ್ಮಾನೀಕರಣ’ ಎಂದು ಕರೆಯುವುದಾದರೆ, ಆ ಪದದೊಳಗಿನ ‘ಮಾನ’ಕ್ಕೆ ಈ ನಾಡಿನಲ್ಲಿಯೇ ಸ್ಪಷ್ಟವಾದ ಅರ್ಥಪರಂಪರೆ ಇದೆ ಎಂಬುದಷ್ಟೇ ಉದ್ದೇಶ.

ಸಮಸ್ಯೆ 1930ರ ಸುಮಾರಿಗೆ ತಲೆದೋರಿತು. ಇಲೆಕ್ಟ್ರಾನು ತನ್ನದೇ ವಿದ್ಯುತ್ಕಾಂತ ಕ್ಷೇತ್ರದೊಡನೆ ನಡೆಸುವ ವ್ಯವಹಾರವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದರ ಶಕ್ತಿ ಅನಂತವೆಂದು ಉತ್ತರ ಬರುತ್ತಿತ್ತು. 1947ರಲ್ಲಿ ಲ್ಯಾಂಬ್ ಮತ್ತು ರೆದರ್‌ಫರ್ಡ್ ಅವರು ಹೈಡ್ರೋಜನ್ನಿನ ಎರಡು ಶಕ್ತಿಮಟ್ಟಗಳ ನಡುವೆ ಸುಮಾರು 1000 ಮೆಗಾಹರ್ಟ್ಸ್‌ನಷ್ಟು ಅಂತರವನ್ನು ಅಳೆದು ತೋರಿಸಿದರು. ಹಳೆಯ ಸಿದ್ಧಾಂತದಂತೆ ಆ ಅಂತರ ಸೊನ್ನೆ. ಕ್ಷೇತ್ರದ ಪರಿಣಾಮವನ್ನು ಸೇರಿಸಿದರೆ ಅನಂತ. ಅದೇ ವರ್ಷ ಹಾನ್ಸ್ ಬೆಥೆ ಮುಕ್ತ ಇಲೆಕ್ಟ್ರಾನಿಗೂ ಇರುವ ಅನಂತಭಾಗವನ್ನು ಅದರ ಅಳೆದ ದ್ರವ್ಯರಾಶಿಯಲ್ಲಿಯೇ ಅಡಕಗೊಳಿಸಿ, ಉಳಿದುದರಿಂದ 1040 ಮೆಗಾಹರ್ಟ್ಸ್ ಎಂಬ ಉತ್ತರ ಪಡೆದನು. ತೊಮೊನಾಗಾ, ಶ್ವಿಂಗರ್, ಫೈನ್‌ಮನ್ ಈ ವಿಧಾನವನ್ನು ಪೂರ್ಣಗೊಳಿಸಿದರು. ಡೈಸನ್ 1949ರಲ್ಲಿ ಮೂವರ ಮಾರ್ಗಗಳೂ ಒಂದೇ ಎಂದು ತೋರಿಸಿದನು. 1965ರ ನೊಬೆಲ್ ಬಹುಮಾನ ಮೊದಲ ಮೂವರಿಗೆ ಸಂದಿತು.

ಜನಪ್ರಿಯ ಬರಹಗಳು ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತವೆ. ಅನಂತದಿಂದ ಅನಂತವನ್ನು ಕಳೆದು ಸರಿಯುತ್ತರ ಪಡೆದರು ಎಂಬ ಚಮತ್ಕಾರದ ಕಥೆಯಾಗಿ ಅದು ಉಳಿದುಬಿಡುತ್ತದೆ. ಸೊನ್ನೆಯಿಂದ ಭಾಗಿಸಿ ಬಂದ ‘ಖಹರ’ ರಾಶಿಗೆ ಏನನ್ನು ಕೂಡಿದರೂ ಕಳೆದರೂ ವಿಕಾರವಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಭಾಸ್ಕರಾಚಾರ್ಯ ಬೀಜಗಣಿತದಲ್ಲಿ ಹೇಳಿದ್ದನು. ಅಂಥ ರಾಶಿಗಳ ವ್ಯವಕಲನದಿಂದ ಬೇಕಾದ ಉತ್ತರವನ್ನು ಹೊರಡಿಸಬಹುದೆಂಬ ಶಂಕೆ ಸಹಜವಾದುದು. ಡಿರಾಕ್‌ನಂಥ ಪ್ರಾಜ್ಞ 1984ರಲ್ಲಿ ತೀರಿಕೊಳ್ಳುವವರೆಗೂ ಈ ವಿಧಾನವನ್ನು ಒಪ್ಪಲಿಲ್ಲ. ಅವನ ಆಕ್ಷೇಪವನ್ನು ವೃದ್ಧನ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಿಧಾನ ಫಲಿಸುತ್ತಿತ್ತು, ಏಕೆ ಫಲಿಸುತ್ತದೆ ಎಂಬುದಕ್ಕೆ 1949ರಲ್ಲಿ ಯಾರ ಬಳಿಯೂ ತೃಪ್ತಿಕರ ಉತ್ತರವಿರಲಿಲ್ಲ.

ಉತ್ತರದ ಮೊದಲ ಎಳೆ ಅಳತೆಗೋಲಿನ ವಿಚಾರದಿಂದಲೇ ದೊರೆಯಿತು. 1953ರಲ್ಲಿ ಸ್ಟೂಕೆಲ್‌ಬರ್ಗ್ ಮತ್ತು ಪೀಟರ್‌ಮನ್, 1954ರಲ್ಲಿ ಗೆಲ್‌ಮನ್ ಮತ್ತು ಲೋ, ವಿದ್ಯುದಂಶದ ಬೆಲೆ ಅದನ್ನು ಯಾವ ದೂರದಿಂದ ಅಳೆಯಲಾಯಿತು ಎಂಬುದನ್ನು ಅವಲಂಬಿಸುತ್ತದೆಂದು ಗುರುತಿಸಿದರು. ಒಂದು ಕೋಲಿನಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಹೋಗುವುದೂ ಮೊದಲನೆಯದರಿಂದ ನೇರವಾಗಿ ಮೂರನೆಯದಕ್ಕೆ ಹೋಗುವುದೂ ಒಂದೇ ಫಲ ಕೊಡಬೇಕು. ‘ಪುನರ್ಮಾನೀಕರಣ ಸಮೂಹ’ ಎಂಬ ಹೆಸರಿನ ಮೂಲ ಇದು. ದುರ್ಬಲ ಶಕ್ತಿಯಲ್ಲಿ ಸುಮಾರು 1/137 ಆಗಿರುವ ಸೂಕ್ಷ್ಮರಚನಾ ಸ್ಥಿರಾಂಕವು ಝಡ್ ಕಣದ ಶಕ್ತಿಯ ಮಟ್ಟದಲ್ಲಿ, ಅಂದರೆ ಸುಮಾರು 91 ಗಿಗಾ ಇಲೆಕ್ಟ್ರಾನ್ ವೋಲ್ಟಿನಲ್ಲಿ, ಸುಮಾರು 1/128 ಆಗುತ್ತದೆ. ಕೋಲಿನ ಹೆಸರಿಲ್ಲದ ಮತ್ತರಿನಂತೆ, ಮಾನದ ಹೆಸರಿಲ್ಲದ ಸ್ಥಿರಾಂಕವೂ ಅಪೂರ್ಣ.

ಹೋಲಿಕೆ ಇಲ್ಲಿಂದಾಚೆಗೆ ಸಾಲದು. ಕೋಲು ಉದ್ದವಾದಂತೆ ಹೊಲದೊಳಗಿನ ಸಣ್ಣ ಬದುಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಬಿಟ್ಟುಹೋದುದರ ಪರಿಣಾಮವನ್ನು ಎಲ್ಲಿ ಜಮಾ ಮಾಡಬೇಕು? ಈ ಪ್ರಶ್ನೆಗೆ ದಾರಿ ತೋರಿದ್ದು ಕಾಂತಗಳ ಅಧ್ಯಯನ. ಹುನಗುಂದ ಪರಿಸರದ ಶಿಸ್ಟ್ ಶಿಲಾಪಟ್ಟಿಯಲ್ಲಿ ಕಬ್ಬಿಣದ ಅದಿರಿನ ಪದರಗಳಿವೆ. ಇಂಥ ಅದಿರುಗಳಲ್ಲಿ ದೊರೆಯುವ ಮ್ಯಾಗ್ನೆಟೈಟ್ ಖನಿಜ ಸುಮಾರು 580 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶುದ್ಧ ಕಬ್ಬಿಣ 770 ಡಿಗ್ರಿಯಲ್ಲಿ ತನ್ನ ಕಾಂತತ್ವ ಕಳೆದುಕೊಳ್ಳುತ್ತದೆ. ಇಂಥ ಸಂಧಿಬಿಂದುವಿನ ಬಳಿ ಅಣುಮಟ್ಟದ ಏರಿಳಿತ ಕೈಗಾತ್ರದವರೆಗೂ ಹಬ್ಬುತ್ತದೆ. ಯಾವ ಒಂದು ಕೋಲೂ ಸಾಲದು. 1966ರಲ್ಲಿ ಕಡನಾಫ್ ನೆರೆಯ ಅಣುಕಾಂತಗಳನ್ನು ಗುಂಪುಗೂಡಿಸಿ ಪ್ರತಿ ಗುಂಪನ್ನೂ ಒಂದೇ ಕಾಂತವೆಂದು ಎಣಿಸುವ ವಿಚಾರ ಮಂಡಿಸಿದನು. ಕಾರ್ನೆಲ್ ವಿಶ್ವವಿದ್ಯಾಲಯದ ಕೆನೆತ್ ವಿಲ್ಸನ್ 1971ರಲ್ಲಿ ಅದಕ್ಕೆ ಗಣಿತದ ದೇಹ ಕೊಟ್ಟನು. ಹೆಜ್ಜೆಹೆಜ್ಜೆಗೂ ಸೂಕ್ಷ್ಮ ವಿವರಗಳನ್ನು ಕೂಡಿಸಿ ಮುಗಿಸಿ, ಅವುಗಳ ಪರಿಣಾಮವನ್ನು ಉಳಿದ ಕೆಲವೇ ಸ್ಥಿರಾಂಕಗಳಿಗೆ ಜಮಾ ಮಾಡುವುದೇ ಅವನ ಮಾರ್ಗ. ಏಕಾಕ್ಷ ಕಾಂತವೂ ಕುದಿಯುವ ನೀರಿನ ಸಂಧಿಬಿಂದುವೂ ಒಂದೇ ಘಾತಾಂಕವನ್ನು, ಸುಮಾರು 0.33, ಏಕೆ ಪಾಲಿಸುತ್ತವೆ ಎಂಬುದು ಇದರಿಂದ ಅರ್ಥವಾಯಿತು. ಅನಂತದ ಕಳಂಕವೂ ಇದರಿಂದಲೇ ತೊಡೆಯಿತು. ಅನಂತವು ನಿಸರ್ಗದ ಗುಣವಲ್ಲ. ಗೊತ್ತಿಲ್ಲದ ಅತಿಸೂಕ್ಷ್ಮ ದೂರಗಳವರೆಗೂ ಒಂದೇ ಸಿದ್ಧಾಂತವನ್ನು ಎಳೆದುದರ ಫಲ.

ಕರ್ನಾಟಕದ ಸಂಬಂಧ ಕೂಡುವುದು ಈ ಘಟ್ಟದಲ್ಲಿ. ಚಿನ್ನವನ್ನು ತಣಿಸುತ್ತ ಹೋದಂತೆ ಅದರ ವಿದ್ಯುತ್ ರೋಧ ಕುಗ್ಗುತ್ತ ಬಂದು ಒಂದು ಹಂತದ ಕೆಳಗೆ ಮತ್ತೆ ಏರುವುದನ್ನು 1934ರಲ್ಲಿ ಕಂಡಿದ್ದರು. ಲೋಹದಲ್ಲಿ ಬೆರೆತ ಕಬ್ಬಿಣದಂಥ ಕಾಂತೀಯ ಪರಮಾಣುಗಳೇ ಇದಕ್ಕೆ ಕಾರಣವೆಂದು 1964ರಲ್ಲಿ ಜುನ್ ಕೊಂಡೊ ತೋರಿಸಿದನಾದರೂ, ಅವನ ಸೂತ್ರ ನಿರಪೇಕ್ಷ ಶೂನ್ಯದ ಬಳಿ ಅನಂತಕ್ಕೆ ಜಾರುತ್ತಿತ್ತು. ವಿಲ್ಸನ್ 1975ರಲ್ಲಿ ಪ್ರಕಟಿಸಿದ ಪರಿಹಾರ ಗಣಕಯಂತ್ರದ್ದು. ಲೋಹದ ಇಲೆಕ್ಟ್ರಾನುಗಳನ್ನು ಕೊಂಡಿ ಕೊಂಡಿಯ ಸರಪಳಿಯಾಗಿ ಬರೆದು, ಒಂದೊಂದು ಕೊಂಡಿ ಸೇರಿಸಿದಾಗಲೂ ಅತಿ ಕಡಿಮೆ ಶಕ್ತಿಯ ಸ್ಥಿತಿಗಳನ್ನಷ್ಟೇ ಉಳಿಸಿಕೊಳ್ಳುವುದು. ಇಳಕಲ್ಲಿನ ನೇಕಾರರು ಸೀರೆಯ ಒಡಲಿಗೆ ಸೆರಗನ್ನು ಎಳೆಎಳೆಯಾಗಿ ಕೂಡಿಸುವ ಕ್ರಮಕ್ಕೂ ಕೊಂಡಿ ಎಂದೇ ಹೆಸರು. ಆದರೆ ಅಲ್ಲಿ ಎಲ್ಲ ಕೊಂಡಿಗಳೂ ಸಮ. ವಿಲ್ಸನ್ನನ ಸರಪಳಿಯಲ್ಲಿ ಪ್ರತಿ ಕೊಂಡಿ ಹಿಂದಿನದಕ್ಕಿಂತ ನಿಶ್ಚಿತ ಪ್ರಮಾಣದಲ್ಲಿ ಸಡಿಲ. ಆ ಸಡಿಲಿಕೆಯೇ ಲೆಕ್ಕವನ್ನು ಸಾಧ್ಯವಾಗಿಸಿತು.

ಕೊಂಡೊನ ಮಾದರಿಯಲ್ಲಿ ಪರಮಾಣುವಿನ ಕಾಂತತ್ವ ಮೊದಲೇ ಸಿದ್ಧವಾಗಿರುತ್ತದೆ. ಅದು ಹುಟ್ಟುವುದು ಹೇಗೆಂದು ಕೇಳುವ, 1961ರ ಆಂಡರ್ಸನ್ ಮಾದರಿಗೆ ಈ ವಿಧಾನವನ್ನು ಹಬ್ಬಿಸಿದವರಲ್ಲಿ ಎಚ್.ಆರ್. ಕೃಷ್ಣಮೂರ್ತಿ ಮೊದಲಿಗರು. ವಿಲ್ಸನ್ ಮತ್ತು ಜಾನ್ ವಿಲ್ಕಿನ್ಸ್ ಜೊತೆಗೂಡಿ ಅವರು ಬರೆದ ಕಿರುಲೇಖನ 1975ರಲ್ಲಿ, ಒಟ್ಟು ಸುಮಾರು 80 ಪುಟಗಳ ಎರಡು ವಿಸ್ತೃತ ಪ್ರಬಂಧಗಳು 1980ರಲ್ಲಿ ‘ಫಿಸಿಕಲ್ ರಿವ್ಯೂ’ ಬಳಗದ ಪತ್ರಿಕೆಗಳಲ್ಲಿ ಪ್ರಕಟವಾದವು. ತಾಪ ಇಳಿದಂತೆ ಪರಮಾಣು ಮೊದಲು ಮುಕ್ತ ಕಕ್ಷೆಯಾಗಿ, ಆಮೇಲೆ ಪುಟ್ಟ ಕಾಂತವಾಗಿ, ಕೊನೆಗೆ ಸುತ್ತಲ ಇಲೆಕ್ಟ್ರಾನುಗಳು ಆ ಕಾಂತವನ್ನು ಮರೆಮಾಡಿದ ಸ್ಥಿತಿಯಾಗಿ ತೋರುವ ಪಯಣವನ್ನು ಅವು ಹಂತಹಂತವಾಗಿ ನಿರೂಪಿಸಿದವು. ಅದೇ 1980ರಲ್ಲಿ ಆಂದ್ರೇಯಿ ಮತ್ತು ವೀಗ್‌ಮನ್ ಪ್ರತ್ಯೇಕವಾಗಿ ಕೊಂಡೊ ಮಾದರಿಯ ನಿಖರ ಗಣಿತಪರಿಹಾರ ಕಂಡುಹಿಡಿದು ವಿಲ್ಸನ್ನನ ಫಲಿತಾಂಶಗಳನ್ನು ದೃಢಪಡಿಸಿದರು. 1982ರಲ್ಲಿ ವಿಲ್ಸನ್‌ಗೆ ನೊಬೆಲ್ ಬಂದಿತು.

ಕೃಷ್ಣಮೂರ್ತಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಈ ಕ್ಷೇತ್ರಕ್ಕೆ ಅಲ್ಲಿ ನೆಲೆಯೊದಗಿಸಿದರು. 1979ರಲ್ಲಿ ಮೂವರು ಸಹಲೇಖಕರೊಡನೆ ಅವ್ಯವಸ್ಥಿತ ಲೋಹಗಳ ವಾಹಕತೆಗೆ ಮಾನಪರಿವರ್ತನೆಯ ಸಿದ್ಧಾಂತ ಮಂಡಿಸಿದ ಟಿ.ವಿ. ರಾಮಕೃಷ್ಣನ್ ಅವರೂ ಅದೇ ಸಂಸ್ಥೆಯಲ್ಲಿ ಬಹುಕಾಲ ದುಡಿದವರು. 1998ರಲ್ಲಿ ಒಂದೊಂದೇ ಇಲೆಕ್ಟ್ರಾನನ್ನು ನಿಯಂತ್ರಿಸುವ ಕೃತಕ ಟ್ರಾನ್ಸಿಸ್ಟರಿನಲ್ಲಿ ಕೊಂಡೊ ಪರಿಣಾಮ ಕಂಡುಬಂದಾಗ, ಅದನ್ನು ಹೋಲಿಸಿ ನೋಡಲು ಒದಗಿಬಂದುದು ಆಂಡರ್ಸನ್ ಮಾದರಿಯ ಈ ಸಂಖ್ಯಾತ್ಮಕ ಪುನರ್ಮಾನೀಕರಣವೇ. 1980ರ ಆ ಎರಡು ಪ್ರಬಂಧಗಳನ್ನು ಹುಡುಕುವ ಅಭ್ಯಾಸಿಗಳು ಒಂದನ್ನು ಗಮನಿಸತಕ್ಕದ್ದು: ಲೇಖಕರ ಹೆಸರು ಅಲ್ಲಿ ‘ಕೃಷ್ಣ-ಮೂರ್ತಿ’ ಎಂದು ನಡುವೆ ಅಡ್ಡಗೆರೆಯೊಡನೆ ಅಚ್ಚಾಗಿದೆ. ಗ್ರಂಥಸೂಚಿಗಳಲ್ಲಿ ಅವರ ಬರಹಗಳು ಎರಡು ಕಡೆ ಹಂಚಿಹೋಗುವ ಸಂಭವವಿದೆ.